ಕೋಡಿ ಬೀಳುವ ಮೊದಲು: ‘ಮಧುಮೇಹ’, ‘ಶುಗರ್’ ಮತ್ತು ರೋಗಿಗೆ ಹೇಳುವ ಮಾತು

‘ಶುಗರ್ ಬಂದಿದೆ, ಸಕ್ಕರೆ ಪೂರ್ತಿ ಬಿಟ್ಟಿದ್ದೀನಿ. ಟೀಗೆ ಬೆಲ್ಲ ಹಾಕ್ಕೋತೀನಿ.’ ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕಾಯಿಲೆಯ ಹೆಸರೇ ಸಕ್ಕರೆ ಎಂದ ಮೇಲೆ ಸಕ್ಕರೆ ಬಿಟ್ಟವರ ತರ್ಕ ಸರಿಯಾಗಿಯೇ ಇದೆ. ದಾರಿ ತಪ್ಪಿಸಿದ್ದು ಹೆಸರು.

ಹಳೆಯ ಹೆಸರು ಬೇರೊಂದನ್ನು ಕಂಡಿತ್ತು. ‘ಮೇಹ’ವೆಂದರೆ ಮೂತ್ರ ವಿಸರ್ಜನೆ, ಮಧುಮೇಹವೆಂದರೆ ಜೇನಿನಂಥ ಮೂತ್ರ. ಆ ಸಿಹಿ ಸಕ್ಕರೆಯದೇ ಎಂದು ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ಪ್ರಕಟಿಸಿದ. ಆದರೆ ಮೂತ್ರ ನೋಡಿ ಇಟ್ಟ ಹೆಸರು ಕಾಯಿಲೆಯನ್ನು ತಡವಾಗಿ ಹಿಡಿಯುತ್ತದೆ. ಮೂತ್ರಪಿಂಡಗಳು ತಾವು ಸೋಸಿದ ಸಕ್ಕರೆಯನ್ನು ರಕ್ತಕ್ಕೇ ಮರಳಿಸುತ್ತವೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮಾತ್ರ ಅದು ಮೂತ್ರಕ್ಕೆ ಇಳಿಯುವುದು. ಖಾಲಿಹೊಟ್ಟೆಯಲ್ಲಿ 126 ಮುಟ್ಟಿದರೇ ಕಾಯಿಲೆ ಎಂದು ಲೆಕ್ಕ. ನಡುವಿನ ಈ ಅಂತರವನ್ನು ಬಯಲುಸೀಮೆಯ ರೈತನಿಗೆ ತಿಳಿಸಲು ಪಾರಿಭಾಷಿಕ ಪದ ಬೇಕಿಲ್ಲ. ಕೋಡಿ ಬಿದ್ದಾಗ ಕೆರೆ ತುಂಬಿದ್ದು ಊರಿಗೆಲ್ಲ ಗೊತ್ತಾಗುತ್ತದೆ. ಏರಿಯ ಮಣ್ಣು ನೆನೆಯತೊಡಗಿದ್ದು ಅದಕ್ಕೂ ಎಷ್ಟೋ ಮೊದಲು. ‘ಮೈಗೇನೂ ತೊಂದರೆಯಿಲ್ಲವಲ್ಲ’ ಎನ್ನುವವರ ಕಣ್ಣು, ನರ, ಮೂತ್ರಪಿಂಡಗಳು ಸದ್ದಿಲ್ಲದೆ ಸವೆಯುವುದು ಹೀಗೆಯೇ.

ಸಕ್ಕರೆಯ ಬದಲು ಟೀಗೆ ಹಾಕಿದ ಬೆಲ್ಲ ಕರಗಿದರೂ ರಕ್ತಕ್ಕೆ ಸೇರುವುದು ಗ್ಲೂಕೋಸೇ. ಅನ್ನವೂ ಅಷ್ಟೆ. ರಾಗಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅದರಲ್ಲಿ ನಾರು ಇದೆ ನಿಜ, ಆದರೆ ಕಾಳಿನ ಬಹುಪಾಲು ಪಿಷ್ಟ. ‘ಮುದ್ದೆ ಎಷ್ಟು ತಿಂದರೂ ಏನೂ ಆಗಲ್ಲ’ ಎಂಬ ನಂಬಿಕೆಯನ್ನು ‘ಕಾರ್ಬೊಹೈಡ್ರೇಟ್ ಕಡಿಮೆ ಮಾಡಿ’ ಎಂಬ ಚೀಟಿ ಅಲುಗಿಸಲಾರದು. ಮುದ್ದೆಯ ಗಾತ್ರವನ್ನು ಅಂಗೈಯಲ್ಲಿ ತೋರಿಸಿ, ತಟ್ಟೆಯಲ್ಲಿ ಸೊಪ್ಪಿನ ಪಲ್ಯಕ್ಕೆ ಜಾಗ ಮಾಡಿಸುವುದೇ ಇಲ್ಲಿ ನಿಜವಾದ ಅನುವಾದ.

‘ಸಕ್ಕರೆ ನಿಮಗೆ ವಿಷ’ ಎಂಬ ಎಚ್ಚರಿಕೆ ನನ್ನನ್ನು ಹೆಚ್ಚು ಕಾಡುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದವರಿಗೆ ನಡುರಾತ್ರಿ ಬೆವರು ಕಿತ್ತುಕೊಳ್ಳುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದ ಆ ಹೊತ್ತಿಗೆ, ನುಂಗುವಷ್ಟು ಎಚ್ಚರವಿದ್ದರೆ, ಔಷಧಿಯೆಂದರೆ ನೀರಿನಲ್ಲಿ ಕದಡಿದ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ. ವಿಷವೆಂದು ನಂಬಿದ ಮನೆಯವರು ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿರುತ್ತಾರೆ.