ತಡವಾಗಿ ಸಂದ ಗೌರವ

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ನಂದಗಡಕ್ಕೆ ಹೋದವರು ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿ, ಆಲದ ಮರಕ್ಕೆ ಹರಕೆಯ ತೊಟ್ಟಿಲು ಕಟ್ಟಿರುವುದನ್ನು ಕಂಡಿರಬಹುದು. 1831ರಲ್ಲಿ ಕಂಪನಿ ಸರಕಾರ ಅಪರಾಧಿಯೆಂದು ಗಲ್ಲಿಗೇರಿಸಿದವನನ್ನು ನಮ್ಮ ಜನ ಲಾವಣಿಗಳಲ್ಲಿ ಹಾಡಿ ಉಳಿಸಿಕೊಂಡರು. ಆದರೆ ಆಳುವವರು ಪರಕೀಯರಲ್ಲದೆ ನಮ್ಮವರೇ ಆಗಿದ್ದರೆ, ಅವರಿಗೆ 'ಆಗದು' ಎಂದವನನ್ನು ಊರು ಹೀಗೆ ನೆನೆಯುತ್ತಿತ್ತೇ?

ಫ್ರಾನ್ಸ್ ಯೇಗರ್‌ಸ್ಟೆಟರ್ ಆಸ್ಟ್ರಿಯಾದ ಕಥೋಲಿಕ ರೈತರು. ಹಿಟ್ಲರ್ ಹುಟ್ಟಿದ ಸೀಮೆಯವರೇ. ಅವನ ಯುದ್ಧ ಅನ್ಯಾಯದ್ದೆಂದು ಆಯುಧ ಹಿಡಿಯಲೊಪ್ಪಲಿಲ್ಲ. ಮನೆಯಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳು. ಸಂಸಾರದ ಹೊಣೆಯನ್ನು ನೆನೆಯಿರೆಂದು ಧರ್ಮಾಧ್ಯಕ್ಷರೇ ಬುದ್ಧಿ ಹೇಳಿದರು. ಅವರು ಮಣಿಯಲಿಲ್ಲ, 1943ರ ಆಗಸ್ಟ್ 9ರಂದು ಶಿರಚ್ಛೇದಕ್ಕೊಳಗಾದರು. ಯುದ್ಧ ಮುಗಿದರೂ ನೆರೆಹೊರೆಯ ಮುನಿಸು ಮುಗಿಯಲಿಲ್ಲ. ಪತ್ನಿ ಫ್ರಾನ್ಸಿಸ್ಕಾ ಅವರಿಗೆ 1950ರವರೆಗೆ ವಿಧವಾ ಪಿಂಚಣಿಯೂ ದೊರೆಯಲಿಲ್ಲ.

2007ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿದಾಗ ಪತ್ನಿಗೆ 94 ವರ್ಷ. ಹಿಟ್ಲರನ ಸೇನೆ ತೊರೆದವರ ಮೇಲಿನ ತೀರ್ಪುಗಳನ್ನು ಆಸ್ಟ್ರಿಯಾ 2009ರಲ್ಲಿ ರದ್ದುಪಡಿಸಿತು. 2014ರಲ್ಲಿ ವಿಯೆನ್ನಾದಲ್ಲಿ, ರಾಷ್ಟ್ರಾಧ್ಯಕ್ಷರ ಕಚೇರಿಯ ಎದುರಿಗೇ, ಅಂಥವರ ಸ್ಮಾರಕ ಎದ್ದಿತು. ಅದರ ಮೆಟ್ಟಿಲುಗಳನ್ನು ಯಾರೂ ಏರಿ ನಿಲ್ಲಬಹುದು.

ಪ್ರವಾದಿಗಳ ಗೋರಿಗಳನ್ನು ಸಿಂಗರಿಸುವವರಿಗೆ ಪ್ರಭು ಯೇಸು ಕೊಟ್ಟ ಎಚ್ಚರಿಕೆ ಇಲ್ಲಿ ನೆನಪಾಗುತ್ತದೆ. ಸ್ಮಾರಕ ಮಡಿದವರಿಗೆ ಸಲ್ಲುವ ಗೌರವ. ಫ್ರಾನ್ಸಿಸ್ಕಾ ಅವರಿಗೆ ಅಂದು ಬೇಕಿದ್ದುದು ಬಾಗಿಲು ತಟ್ಟಿ ಮಾತನಾಡಿಸುವ ಒಂದು ನೆರೆಮನೆ. ಸತ್ಯಕ್ಕಾಗಿ ಒಂಟಿಯಾದ ಅಂಥದೊಂದು ಕುಟುಂಬ ನಮ್ಮ ಧರ್ಮಕೇಂದ್ರದಲ್ಲಿಯೂ ಇದ್ದೀತು. ಬರುವ ಭಾನುವಾರ, ಪೂಜೆ ಮುಗಿಸಿ ಹೊರಟಾಗ, ಆ ಬಾಗಿಲನ್ನು ತಟ್ಟೋಣವೇ?