ಕ್ಯೋಟೋ ನಗರದ ಬೇಸಗೆಯ ತೇರು

ನಮ್ಮಲ್ಲಿ ಆಷಾಢದ ಮಳೆ ಹಿಡಿದು ಕುಳಿತಿರುವ ಜುಲೈ ತಿಂಗಳಿನಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಕಡುಬೇಸಗೆ. ಮೂರು ಕಡೆಯೂ ಬೆಟ್ಟಗಳು ಸುತ್ತುವರಿದಿರುವ ಆ ಊರಿನಲ್ಲಿ ಎಲೆ ಅಲುಗುವಷ್ಟು ಗಾಳಿಯೂ ಇರುವುದಿಲ್ಲ. ಅಂಥ ಸೆಕೆಯಲ್ಲಿ, ಅರವತ್ತರ ಅಂಚಿನ ಮನುಷ್ಯನೊಬ್ಬ ತೇರು ನೋಡುವುದಕ್ಕೆಂದು ಎರಡು ಸಲ ಅಲ್ಲಿಗೆ ಹೋಗಿಬಂದನೆಂದರೆ ಕೇಳಿದವರಿಗೆ ನಗು ಬಂದೀತು. ನಿಜ ಹೇಳುವುದಾದರೆ, ಮೊದಲ ಸಲ ನನ್ನ ಮನಸ್ಸಿನಲ್ಲಿ ನಿಂತದ್ದು ಅಲ್ಲಿಯ ಯಾವ ತೇರೂ ಅಲ್ಲ. ತೇರೇ ಇಲ್ಲದ ಒಂದು ಕೇರಿಯ ಉತ್ಸವ.

ಆ ಉತ್ಸವದ ಹೆಸರು ಗಿಯೋನ್ ಮಾತ್ಸುರಿ. ‘ಮಾತ್ಸುರಿ’ ಎಂದರೆ ಹಬ್ಬ. ‘ಗಿಯೋನ್’ ಎಂಬ ಮಾತಿನ ಬೇರನ್ನು ಹಿಡಿದು ಹೊರಟರೆ ನಾವು ಬಂದು ಮುಟ್ಟುವುದು ನಮ್ಮ ಶ್ರಾವಸ್ತಿಗೆ. ಅನಾಥಪಿಂಡಿಕನೆಂಬ ವರ್ತಕನು ಜೇತ ರಾಜಕುಮಾರನ ತೋಪನ್ನು ನೆಲದ ತುಂಬ ಹೊನ್ನು ಹಾಸಿ ಕೊಂಡು ಬುದ್ಧನಿಗೆ ಒಪ್ಪಿಸಿದ ಕಥೆಯನ್ನು ನೀವು ಬಲ್ಲಿರಿ. ಆ ಜೇತವನಕ್ಕೆ ಚೀನೀ ಭಾಷೆಯಲ್ಲಿ ಬಂದ ಹೆಸರನ್ನು ಜಪಾನೀಯರು ಉಚ್ಚರಿಸಿದ ಬಗೆಯೇ ‘ಗಿಯೋನ್’. ಜೇತವನದ ಕಾವಲು ದೈವವೆಂದೂ ರೋಗರುಜಿನಗಳ ಒಡೆಯನೆಂದೂ ನಂಬಲಾಗಿದ್ದ, ಎತ್ತಿನ ತಲೆಯ ದೇವರೊಬ್ಬ ಅಲ್ಲಿಯ ಗುಡಿಯಲ್ಲಿ ಪೂಜೆಗೊಳ್ಳುತ್ತಿದ್ದ. 1868ರಲ್ಲಿ ಹೊಸ ಸರ್ಕಾರವು ಬೌದ್ಧವನ್ನೂ ಶಿಂತೋವನ್ನೂ ಬೇರ್ಪಡಿಸಿದಾಗ ಗುಡಿಗೆ ಯಸಾಕಾ ಎಂಬ ಹೆಸರು ಬಂದಿತು. ಹಬ್ಬ ಮಾತ್ರ ಜೇತವನವನ್ನು ಬಿಡಲಿಲ್ಲ.

ಹಿಂದಿನ ಕ್ಯೋಟೋಗೆ ಬೇಸಗೆಯೆಂದರೆ ವಿಹಾರದ ಕಾಲವಲ್ಲ, ಸಾವಿನ ಕಾಲ. ಮಳೆಗೆ ನದಿ ಉಕ್ಕುವುದು, ನೀರು ಕೆಡುವುದು, ಅದರ ಬೆನ್ನಿಗೇ ಸಾಂಕ್ರಾಮಿಕ ರೋಗ. 869ರಲ್ಲಿ ಅಂಥದೊಂದು ಪಿಡುಗು ಹರಡಿದಾಗ, ದೇಶದ 66 ಪ್ರಾಂತ್ಯಗಳ ಲೆಕ್ಕದಲ್ಲಿ 66 ಭರ್ಜಿಗಳನ್ನು ನೆಟ್ಟು ದೇವರನ್ನು ಪಲ್ಲಕ್ಕಿಯಲ್ಲಿ ಹೊತ್ತು ತಂದರೆಂದು ಹೇಳಿಕೆ. ಆ ಭರ್ಜಿಗಳೇ ಕಾಲಕ್ರಮದಲ್ಲಿ ತೇರುಗಳಾಗಿ ಬೆಳೆದವು. ದೊಡ್ಡ ತೇರಿಗೆ ಆಳೆತ್ತರವನ್ನೂ ಮೀರಿದ ಗಾಲಿಗಳು, ಹತ್ತು ಟನ್ನಿಗಿಂತ ಹೆಚ್ಚಿನ ಭಾರ; ಮರದ ಚೌಕಟ್ಟಿಗೆ ಮೊಳೆ ಹೊಡೆಯುವುದಿಲ್ಲ, ಎಲ್ಲವೂ ಹುಲ್ಲಿನ ಹಗ್ಗದ ಕಟ್ಟು. ಹಬ್ಬಕ್ಕೆ ಮುಂಚೆ ಕಟ್ಟುತ್ತಾರೆ, ಮುಗಿದ ಕೂಡಲೆ ಬಿಚ್ಚುತ್ತಾರೆ.

ತೇರುಗಳು ಗುಡಿಯವಲ್ಲ, ಕೇರಿಯವರವು. ಇದನ್ನು ತಿಳಿಯದೆ ಈ ಹಬ್ಬದ ಇತಿಹಾಸ ತಿಳಿಯುವುದಿಲ್ಲ. 1467ರಲ್ಲಿ ಮೊದಲಾದ ಓನಿನ್ ಯುದ್ಧದಲ್ಲಿ ಊರು ಸುಟ್ಟುಹೋಗಿ ಹಬ್ಬ ನಿಂತಿತು; 1500ರಲ್ಲಿ ಮತ್ತೆ ಹೊರಟಿತು. 1533ರಲ್ಲಿ ಗುಡಿಯ ಉತ್ಸವವನ್ನು ನಿಲ್ಲಿಸಬೇಕೆಂದು ಆಳುವವರ ಆಜ್ಞೆಯಾಯಿತು. ಆಗ ಕೇರಿಗಳ ಪ್ರಮುಖರು ಗುಡಿಗೆ ಬಂದು ನಿವೇದಿಸಿಕೊಂಡದ್ದರ ತಾತ್ಪರ್ಯವಿಷ್ಟು: ದೇವರ ಕಾರ್ಯ ನಡೆಯದಿದ್ದರೂ ಚಿಂತೆಯಿಲ್ಲ, ನಮ್ಮ ತೇರುಗಳು ಹೊರಡಬೇಕು. ಇದನ್ನು ಪಟ್ಟಣಿಗರ ಬಂಡಾಯವೆಂದು ಹಿಗ್ಗಿಸುವುದು ಬೇಡವೆನ್ನುವ ಇತಿಹಾಸಕಾರರೂ ಇದ್ದಾರೆ. ಅವರ ಎಚ್ಚರಿಕೆ ಸರಿಯೇ ಇರಬಹುದು. ಆದರೂ ಗುಡಿಯ ಮುಂದೆಯೇ ನಿಂತು ಹಾಗೆ ಹೇಳುವುದಕ್ಕೆ ಎದೆ ಬೇಕು.

ಕೇರಿಯವರಲ್ಲಿ ವರ್ತಕರೇ ಹೆಚ್ಚು. ತಂತಮ್ಮ ತೇರನ್ನು ಸಿಂಗರಿಸುವುದರಲ್ಲಿ ಪೈಪೋಟಿ. ಹದಿನಾರನೆಯ ಶತಮಾನದಲ್ಲಿ ಬೆಲ್ಜಿಯಂ ಸೀಮೆಯಲ್ಲಿ ನೇಯ್ದ ಚಿತ್ರಪಟಗಳು ಡಚ್ಚರ ವ್ಯಾಪಾರದ ಕಾಲದಲ್ಲಿ ಇವರ ಕೈ ಸೇರಿದವು. ಒಂದು ತೇರಿನ ಮೇಲೆ ಟ್ರಾಯ್ ನಗರದ ಹೆಕ್ಟರ್ ಹೆಂಡತಿಮಗುವನ್ನು ಬೀಳ್ಕೊಳ್ಳುತ್ತಾನೆ. ಇನ್ನೊಂದರ ಮೇಲೆ ಬೈಬಲಿನ ರೆಬೆಕ್ಕಳು ದಾರಿಹೋಕನಿಗೆ ನೀರು ಕೊಡುತ್ತಾಳೆ. ಕ್ರೈಸ್ತಮತವನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದ ದೇಶದಲ್ಲಿ! ಚಿತ್ರದಲ್ಲಿ ಯಾರಿದ್ದಾರೆಂದು ಯಾರೂ ಕೇಳಿದಂತಿಲ್ಲ; ನೇಯ್ಗೆ ಚೆಲುವಾಗಿದ್ದರೆ ಸಾಕಿತ್ತು. ನಮ್ಮ ದಖ್ಖಣದ ಮಗ್ಗಗಳಲ್ಲಿ ಹುಟ್ಟಿದವೆಂದು ವಿದ್ವಾಂಸರು ಗುರುತಿಸಿರುವ ರತ್ನಗಂಬಳಿಗಳೂ ಆ ಕೇರಿಗಳ ಭಂಡಾರಗಳಲ್ಲಿವೆ. ನಮ್ಮಲ್ಲಿ ಅಂಥವು ಎಷ್ಟು ಉಳಿದಿವೆಯೆಂದು ನೆನೆದು ನನಗೆ ತುಸು ಹೊಟ್ಟೆಯುರಿಯಾಯಿತು.

ತೇರುಗಳು ಹೊರಡುವುದು ಎರಡು ಕಂತಿನಲ್ಲಿ, ಜುಲೈ 17ಕ್ಕೆ ಮತ್ತು 24ಕ್ಕೆ. ವಾಹನ ಸಂಚಾರದ ಅನುಕೂಲಕ್ಕೆಂದು 1966ರಲ್ಲಿ ಎರಡನ್ನೂ ಒಂದೇ ದಿನಕ್ಕೆ ಸೇರಿಸಿದ್ದರು. 2014ರಲ್ಲಿ ಮತ್ತೆ ಬೇರೆ ಮಾಡಿದರು. ಹೋಗುವವರು ಹಿಂದಿನ ದಿನದ ಸಂಜೆಯೇ ಹೋಗಬೇಕು. ಆಗ ಕೇರಿಗಳಲ್ಲಿ ಲಾಂದ್ರಗಳು ಹೊತ್ತಿಕೊಳ್ಳುತ್ತವೆ.

2018ರಲ್ಲಿ ಅಂಥದೊಂದು ಸಂಜೆ, ಅಲ್ಲಿ ಉದ್ಯೋಗದಲ್ಲಿದ್ದ ಮಗಳು ನನ್ನನ್ನು ಸಂಜೋ ಬೀದಿಗೆ ಕರೆದೊಯ್ದಳು. ಅದು ‘ತಕಯಾಮಾ’ ಎಂಬ ತೇರಿನ ಕೇರಿ. ಒಂದು ಮನೆಯೊಳಗೆ ಮೂರು ವಿಗ್ರಹಗಳು: ಗಿಡುಗವನ್ನು ಹಿಡಿದ ಬೇಟೆಗಾರ, ನಾಯಿಯವನು, ಪೀಪಾಯಿ ಹೊತ್ತು ಎಲೆಯಲ್ಲಿ ಸುತ್ತಿದ ಕಡುಬನ್ನು ತಿನ್ನುತ್ತಿರುವ ಒಬ್ಬ ಆಳು. ತೇರೆಲ್ಲಿ ಎಂದೆ. ಇಲ್ಲ. 1826ರ ಮೆರವಣಿಗೆಯಲ್ಲಿ ಜಡಿಮಳೆಗೆ ಸಿಕ್ಕಿ ಹಾಳಾದ ತೇರು ಮರುವರ್ಷದಿಂದ ಹೊರಡಲಿಲ್ಲ. 1864ರಲ್ಲಿ ಊರಿಗೆ ಬೆಂಕಿ ಬಿದ್ದಾಗ ಉಳಿದದ್ದೂ ಬಹುಮಟ್ಟಿಗೆ ಬೂದಿಯಾಯಿತು. ಅಂಥ ತೇರುಗಳನ್ನು ಅವರು ನಾಶವಾದವೆನ್ನುವುದಿಲ್ಲ. ‘ಯಸುಮಿಯಾಮಾ’, ವಿಶ್ರಮಿಸುತ್ತಿರುವ ಬೆಟ್ಟ, ಎನ್ನುತ್ತಾರೆ. ಆ ಕೇರಿಯವರು ಪೀಳಿಗೆಗಳುದ್ದಕ್ಕೂ ತೇರಿಲ್ಲದೆಯೇ ವಿಗ್ರಹಗಳನ್ನು ಹೊರಗಿಟ್ಟು ಹಬ್ಬ ನಡೆಸಿಕೊಂಡು ಬಂದಿದ್ದರು.

ಬಾಗಿಲಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು, ತೇರೇ ಇಲ್ಲದ ಮೇಲೆ ಇದೆಲ್ಲ ಏಕೆ ಎಂದು ಮಗಳ ಮೂಲಕ ಕೇಳಿದೆ. ಹಾಗೆ ಕೇಳಬಾರದಿತ್ತು. ನನ್ನ ಹುಟ್ಟೂರಿನಲ್ಲಿ ನಾನು ಹುಡುಗನಾಗಿದ್ದಾಗ ತೇರಿನ ಅಚ್ಚು ಮುರಿಯಿತು. ದುರಸ್ತಿಯ ಹಣದ ಮಾತಿನಲ್ಲಿ ಎರಡು ವರ್ಷ ಕಳೆದವು. ಮೂರನೆಯ ವರ್ಷ ಜಾತ್ರೆಯನ್ನೇ ಯಾರೂ ನೆನೆಯಲಿಲ್ಲ. ನನ್ನ ಪ್ರಶ್ನೆ ಆ ಊರಿನ ಪ್ರಶ್ನೆಯಾಗಿತ್ತು. ಹಿರಿಯರು ನಕ್ಕು, “ದಣಿದಿದೆ, ಏಳುತ್ತದೆ” ಎಂದರಂತೆ.

2020ರಲ್ಲಿಯೂ 2021ರಲ್ಲಿಯೂ ಕೋವಿಡ್ ಕಾರಣದಿಂದ ಮೆರವಣಿಗೆ ನಿಂತಿತು. ಪಿಡುಗಿನಿಂದ ಹುಟ್ಟಿದ ಹಬ್ಬವನ್ನು ಪಿಡುಗೇ ತಡೆಯಿತು. ಎರಡನೆಯ ವರ್ಷ ಕೆಲವು ಕೇರಿಗಳವರು, ಕೈಗೆ ಹಗ್ಗದ ಗಂಟು ಮರೆಯದಿರಲೆಂದು, ಎಲ್ಲಿಗೂ ಹೊರಡದ ತೇರನ್ನು ಕಟ್ಟಿ ಬಿಚ್ಚಿದರು. 2022ರ ಜುಲೈ 24ರಂದು, 196 ವರ್ಷಗಳ ತರುವಾಯ, ತಕಯಾಮಾ ಬೀದಿಗಿಳಿಯಿತು. ಅದು ಸೇರಿ ತೇರುಗಳ ಸಂಖ್ಯೆ 34 ಆಯಿತು. ಸುದ್ದಿಯನ್ನು ಮಗಳು ದೂರವಾಣಿಯಲ್ಲಿ ತಿಳಿಸಿದಾಗ ನಾನು ಕೆಲಹೊತ್ತು ಮಾತನಾಡಲಿಲ್ಲ.

ಮರುವರ್ಷ ಹೋದೆ. ತಿರುವಿನಲ್ಲಿ ಗಾಲಿಗಳ ಕೆಳಗೆ ಸೀಳಿದ ಬಿದಿರು ಹಾಸಿ ನೀರೆರೆದರು. ಮೇಲಿನಿಂದ ಬೀಸಣಿಗೆ ಆಡಿತು. ನೂರಾರು ಕಂಠಗಳ ಕೂಗಿಗೆ ಹಗ್ಗ ಬಿಗಿಯಿತು. ಒಂದು ಎಳೆತಕ್ಕೆ ತೇರು ಓರೆಯಾಗಿ ಜಾರಿ ನಿಂತಿತು. ಹೊಸ ಮರದ ಬಿಳುಪು ಇನ್ನೂ ಮಾಸಿರಲಿಲ್ಲ. ಆ ಹಿರಿಯರು ಜೊತೆಯಲ್ಲಿರಬಹುದೆಂದು ಕಣ್ಣಾಡಿಸಿದೆ. ತೇರಿನೊಡನೆ ನಡೆಯುತ್ತಿದ್ದವರೆಲ್ಲರ ತಲೆಯ ಮೇಲೂ ಒಂದೇ ಬಗೆಯ ಅಗಲ ಟೋಪಿ. ಯಾರು ಯಾರೆಂದು ಗೊತ್ತಾಗಲಿಲ್ಲ.