ಎದೆಯೊಳಗಿನ ಬಾಗಿಲಿನ ಇತಿಹಾಸ

ಎಂಟನೇ ತರಗತಿಯಲ್ಲಿದ್ದಾಗ ನನಗೆ ಗಂಟಲುನೋವು, ಜ್ವರ, ಆಮೇಲೆ ಮೊಣಕಾಲು ಬಾವು ಬಂದು ತಿಂಗಳುಗಟ್ಟಲೆ ಶಾಲೆ ತಪ್ಪಿತು. ಆ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನೂ ಕೆಡಿಸಿದೆ ಎಂದು ತಿಳಿದದ್ದು ವಯಸ್ಸು ಮೂವತ್ತು ದಾಟಿದ ಮೇಲೆ. ಈಗ ನನ್ನೊಳಗಿರುವುದು ತಿರುವನಂತಪುರದಲ್ಲಿ ರೂಪುಗೊಂಡ ಚಿತ್ರಾ ಕವಾಟ. ಈ ಸಂಚಿಕೆಗೆ ಇತಿಹಾಸದ ಲೇಖನ ಕೇಳಿದಾಗ ನನಗೆ ನೆನಪಾದದ್ದು ಅದೇ.

1960ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಶಸ್ತ್ರವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಇಂಜಿನಿಯರ್ ಲೋವೆಲ್ ಎಡ್ವರ್ಡ್ಸ್, ಲೋಹದ ಪಂಜರದೊಳಗೆ ಚೆಂಡಿರುವ ಕವಾಟವನ್ನು ತಂದರು. ರಕ್ತ ತಳ್ಳಿದರೆ ಚೆಂಡು ಸರಿಯುತ್ತದೆ. ಹಿಂದಕ್ಕೆ ಬರಲು ನೋಡಿದರೆ ಬಾಯಿ ಮುಚ್ಚುತ್ತದೆ. ಅದು ಎಷ್ಟೋ ಜೀವ ಉಳಿಸಿತು. ಆದರೆ ಹರಿವಿನ ನಟ್ಟನಡುವೆ ಚೆಂಡು, ಕಾಲುವೆಯಲ್ಲಿ ಬಂಡೆ ಇದ್ದ ಹಾಗೆ. ರಕ್ತ ಅದನ್ನು ಬಳಸಿಕೊಂಡೇ ಹೋಗಬೇಕು. ಬಂಡೆಯ ಹಿಂದೆ ಸುಳಿ ಏಳುತ್ತದೆ, ಅಲ್ಲಿ ತಡೆದು ನಿಂತ ರಕ್ತ ಹೆಪ್ಪುಗಟ್ಟಬಹುದು.

1969ರ ಬ್ಯೋರ್ಕ್-ಶೈಲಿ ಕವಾಟದಲ್ಲಿ ಚೆಂಡಿನ ಬದಲು ಓರೆಯಾಗಿ ತೆರೆಯುವ ಬಿಲ್ಲೆ. ರಕ್ತಕ್ಕೆ ಒಂದು ದೊಡ್ಡ ದಾರಿ, ಒಂದು ಚಿಕ್ಕ ದಾರಿ. 1977ರ ಸೇಂಟ್ ಜೂಡ್ ಕವಾಟ ನಮ್ಮ ಹಳೆ ಮನೆಗಳ ಜೋಡಿ ಬಾಗಿಲಿನಂತೆ. ಎರಡು ಎಲೆಗಳೂ ಹರಿವಿನುದ್ದಕ್ಕೆ ನಿಲ್ಲುವುದರಿಂದ ಒತ್ತಡದ ನಷ್ಟ ಸಾಮಾನ್ಯವಾಗಿ ಕಡಿಮೆ. ಅದರಲ್ಲೂ ಕೀಲಿನ ಸಂದುಗಳಲ್ಲಿ ಹೆಪ್ಪಿನ ಭಯ ಇದ್ದದ್ದೇ. ಇನ್ನೊಂದು, ಡಬ್ಬಿಯ ಮೇಲಿನ ಮಿಲಿಮೀಟರ್ ನೋಡಿ ಹೋಲಿಸಿದರೆ ಮೋಸ ಹೋಗುತ್ತೇವೆ. ಹೊಲಿಗೆ ಹಾಕುವ ಬಟ್ಟೆಯ ಬಳೆ ನುಂಗುವ ಜಾಗ ಒಂದೊಂದರಲ್ಲಿ ಒಂದೊಂದು ಥರ.

ವಿದೇಶಿ ಕವಾಟದ ಬೆಲೆ ನಮ್ಮಂಥವರಿಗೆ ಎಟುಕುತ್ತಿರಲಿಲ್ಲ. ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಡಾ. ಎಂ.ಎಸ್. ವಲಿಯತ್ತಾನ್ (ಮುಂದೆ ಮಣಿಪಾಲದಲ್ಲಿ ಕುಲಪತಿಗಳಾದವರು) ಮತ್ತು ಅವರ ತಂಡ ಓರೆ ಬಿಲ್ಲೆಯ ದಾರಿ ಹಿಡಿದರು. ನಿಮಿಷಕ್ಕೆ 72 ಬಡಿತವೆಂದರೂ ಬಾಗಿಲು ವರ್ಷಕ್ಕೆ ಸುಮಾರು 3.8 ಕೋಟಿ ಸಲ ತೆರೆದು ಮುಚ್ಚಬೇಕು. ಮೊದಲ ಮಾದರಿಗಳು ಸೋತವು. ಕೃತಕ ನೀಲಮಣಿಯ ಬಿಲ್ಲೆಯೇ ಒಡೆಯಿತು! ಕೊನೆಗೆ ಬಾಳಿದ್ದು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್, ಪಾಲಿಎಥಿಲೀನ್. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು.

ಹರಿವೊಂದನ್ನೇ ಲೆಕ್ಕ ಹಿಡಿದರೆ ಜೋಡಿ ಎಲೆಯದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಆದರೆ ನನ್ನ ಕೈಗೆಟುಕಿದ್ದು, ಇಷ್ಟು ವರ್ಷ ನಡೆಸಿದ್ದು ಈ ಬಿಲ್ಲೆ. ಇಂಥ ಯಾವ ಕವಾಟವಾದರೂ ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ತಪ್ಪುವುದಿಲ್ಲ. ರಾತ್ರಿ ಊಟವಾದ ಮೇಲೆ ಅದನ್ನು ನುಂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮಲಗುತ್ತೇನೆ.